ಮೂರು ದಿನದ ಉಪಾಸಕ್ಕ ನಾ ಬರೆದ ಶೇರಾ

ಮೊದಲೇ ಹೇಳಿಬಿಡತೇನಿ, ಆ ಮನಿಷ್ಯಾನ ಕಂಡರ ನನಗ ಆಗತಿರಲಿಲ್ಲ. ಇವತ್ತಿಗೂ ಆಗೋದಿಲ್ಲ. ಅಂವ ಸತ್ತಾನೋ ಬದುಕ್ಯಾನೋ ಗೊತ್ತಿಲ್ಲ. ಬದುಕಿದ್ದರ ಅವಗೂ ನನ್ನ ಹೆಸರು ತಗದರ ಮೈ ಉರೀತಿರಬೇಕು. ವಯಸ್ಸಾದ ಮ್ಯಾಲೆ ಮನಸು ಮೆತ್ತಗಾಗತೈತಿ ಅಂತ ಮಂದಿ ಹೇಳತಾರಲ್ಲ, ಅದೆಲ್ಲಾ ಬರೇ ಸುಳ್ಳು. ನನ್ನ ಹಲ್ಲು ಉದುರ್ಯಾವು, ಸಿಟ್ಟು ಇನ್ನೂ ಉದುರಿಲ್ಲ.

ನಲವತ್ತೆರಡರ ಚಳವಳ್ಯಾಗ ನಾನು ಕಾಲೇಜು ಬಿಟ್ಟು ಬೈಲಹೊಂಗಲದ ಪ್ಯಾಟ್ಯಾಗ ಕರಪತ್ರ ಹಂಚತಿದ್ದೆ. ಒಂದು ಸಂತಿ ದಿನ ಚಾದ ಅಂಗಡಿ ಮುಂದ ಖಾಕಿ ಹಾಕ್ಕೊಂಡ ಒಬ್ಬ ಸಿಪಾಯಿ ನಿಂತಿದ್ದ. ರಜಾ ಮ್ಯಾಲೆ ಊರಿಗೆ ಬಂದಾಂವ, ನನ್ನ ವಾರಿಗ್ಯಾಂವ, ನನಗಿಂತ ಒಂದು ಗೇಣು ಎತ್ತರ. ಅವನ ಕೈಯಾಗ ಒಂದು ಕರಪತ್ರ ಇಟ್ಟೆ. ಅಂವ ಅದನ್ನ ಓದಲಿಲ್ಲ. ನನ್ನ ತಲಿ ಮ್ಯಾಲಿನ ಖಾದಿ ಟೊಪ್ಪಿಗಿ ಕಿತ್ತಕೊಂಡ, ಅದರಿಂದ ತನ್ನ ಬೂಟು ಒರಸಿಕೊಂಡ, ಗಟಾರಕ್ಕ ಒಗದ. "ಹೋಗಲೇ, ಮನಿಗೆ ಹೋಗಿ ನಿಮ್ಮವ್ವನ ಕೈಯಾಗ ಹಾಲು ಕುಡಿ" ಅಂದ. ಸಂತಿ ಮಂದಿಯೆಲ್ಲಾ ಹೋ ಅಂತ ನಕ್ಕರು. ಅವರೊಳಗ ನನ್ನ ಸ್ವಾದರಮಾವನೂ ಇದ್ದ, ಅವನೂ ನಕ್ಕ.

ಆಮ್ಯಾಲೆ ನಾಕು ದಿನಕ್ಕ ಪೊಲೀಸರು ನನ್ನ ಹಿಡದು ಬಡದರು. ಬಲಗಾಲ ಮೊಣಕಾಲು ಅವತ್ತು ಹೋದದ್ದು ಇನ್ನೂ ಸುದ್ದಾಗಿಲ್ಲ. ಜೈಲಿನಾಗ ಕುಂತು ನಾ ದೇಶದ ಚಿಂತಿ ಮಾಡಿದ್ದು ಕಡಿಮಿ, ಆ ಬೂಟಿನ ಚಿಂತಿ ಮಾಡಿದ್ದ ಹೆಚ್ಚು. ದೊಡ್ಡಾಂವ ಆಗಿ ಹಿಂಗ ಹೇಳಾಕ ನಾಚಿಕಿ ಬರಬೇಕು. ಬರವಲ್ದು.

ಸ್ವಾತಂತ್ರ್ಯ ಬಂತು. ನನಗ ಬೈಲಹೊಂಗಲದ ಕಚೇರ್ಯಾಗ ಕಾರಕೂನಕಿ ಸಿಕ್ಕಿತು. ಆಗ ಲಡಾಯಿಯಿಂದ ತಿರುಗಿ ಬಂದ ಸಿಪಾಯಿಗಳ ಅರ್ಜಿ ನೋಡಾಕ ಮೂರು ಮಂದಿ ಕಮಿಟಿ ಮಾಡಿದ್ದರು. ತಾಲೂಕಿನ ಮಾಮಲೇದಾರರು ಅಧ್ಯಕ್ಷರು. ಕಿತ್ತೂರಿನ ಒಬ್ಬ ಮುಪ್ಪಾದ ಸುಭೇದಾರ ಇದ್ದ, ಮೀಸಿಗೆ ದಿನಾ ಎಣ್ಣಿ ಹಚ್ಚಾಂವ. ಮೂರನೇದವರು ಸವದತ್ತಿಯ ವಕೀಲರು, ವೇದ ಓದಿದ ಮನೆತನದವರು, ಮಾತಿಗೊಮ್ಮೆ ಧರ್ಮ ಅನ್ನೋರು. ಅರ್ಜಿ ಓದಿ, ಕಾಗದಪತ್ರ ತಿಳಿಸಿ ಹೇಳಿ, ಕಡೀಕ ಇದು ಕೊಡೋದೋ ಬಿಡೋದೋ ಅಂತ ಶೇರಾ ಬರೆಯೋ ಕೆಲಸ ನಂದು. ಅವರು ಮೂರೂ ಮಂದಿ ನನ್ನ ಶೇರಾದ ಕೆಳಗ ಸಹಿ ಗೀಚಿ ಊಟಕ್ಕ ಹೋಗತಿದ್ದರು. ಕಮಿಟಿ ಶಿಫಾರಸು ಮಾಡಿದರ ಅರ್ಜಿ ಮ್ಯಾಲೆ ಹೋಗತಿತ್ತು, ಇಲ್ಲಂದ್ರ ನಮ್ಮ ಕಪಾಟಿನಾಗ ಸಾಯತಿತ್ತು.

ಐವತ್ತರ ಸುಮಾರಿಗೆ ಒಂದು ಅರ್ಜಿ ಬಂತು. ನೇಸರಗಿ ಹತ್ತಿರದ ಒಂದು ಹಳ್ಳಿಯಾಂವ. ಪಲಟಣಿನಾಗ ಲಾರಿ ಡ್ರೈವರ್ ಇದ್ದ. ದುರ್ನಡತಿ ಅಂತ ಬರೆದು ಅವನ್ನ ನಡಬರಕ ಹೊರಗ ಹಾಕಿದ್ದರು. ಆ ಕಾಗದ ಬದಲಿ ಮಾಡಿ 'ಒಳ್ಳೆ ನಡತಿ' ಅಂತ ಕೊಡಿಸಬೇಕು ಅನ್ನೋದು ಅರ್ಜಿ. ಯಾಕಂದ್ರ ಬೈಲಹೊಂಗಲದಿಂದ ಸವದತ್ತಿ ಮ್ಯಾಲೆ ರಾಮದುರ್ಗಕ್ಕ ಸರ್ಕಾರಿ ಮೋಟಾರು ಬಸ್ಸು ಬಿಡೋ ಮಾತು ನಡದಿತ್ತು. ಪಲಟಣಿನ ಡ್ರೈವರ್‌ಗಳಿಗೆ ಮೊದಲ ಜಾಗಾ. ಆದರ ಕಾಗದ ಸ್ವಚ್ಛ ಇರಬೇಕು. ಈ ಮನಿಷ್ಯಾ ಬರ್ಮಾ ಗಡಿ ಗುಡ್ಡದಾಗ ಲಾರಿ ಹೊಡದಾಂವ, ಈಗ ಅದs ಹಾದ್ಯಾಗ ಓಡೋ ಒಬ್ಬ ಸಾವಕಾರನ ಖಾಸಗಿ ಮೋಟಾರಿನ ಮ್ಯಾಲೆ ಕ್ಲೀನರ್ ಆಗಿ ಗಾಲಿ ತೊಳೀತಿದ್ದ. ಸರ್ಕಾರಿ ಮೋಟಾರು ಬಂತಂದ್ರ ಸಾವಕಾರನ ಮೋಟಾರು ನಿಲ್ಲತಿತ್ತು, ಆ ಗಾಲಿ ತೊಳೆಯೋ ಕೆಲಸನೂ ಹೋಗತಿತ್ತು.

ವಿಚಾರಣಿ ದಿನ ಅಂವ ಕಚೇರಿ ಬಾಗಲದಾಗ ಬಂದು ನಿಂತ. ನೋಡಿದ ಕೂಡ್ಲೇ ಗುರುತು ಹತ್ತಿತು. ಅದs ಎತ್ತರ, ಅದs ಸೊಕ್ಕಿನ ಮಾರಿ. ನನ್ನ ಪಿತ್ತ ನೆತ್ತಿಗೇರಿತು. ಅವಗ ನನ್ನ ಗುರುತು ಹತ್ತಲಿಲ್ಲ, ಅದಕ್ಕ ಇನ್ನಷ್ಟು ಸಿಟ್ಟು ಬಂತು. ನಾ ವರ್ಷಾನುಗಟ್ಟಲೆ ಎದ್ಯಾಗ ಹೊತ್ತಕೊಂಡು ತಿರಗ್ಯಾಡಿದ್ದು ಅವಗ ನೆನಪs ಇಲ್ಲ!

ಅವನ ಪಲಟಣಿನಿಂದ ಬಂದ ಕಾಗದ ಇಂಗ್ಲಿಷಿನಾಗಿತ್ತು. ನಾ ಕನ್ನಡದಾಗ ಓದಿ ಹೇಳಿದೆ. ನಲವತ್ಮೂರರ ಆರಂಭದಾಗ ಲಾರಿಗಳು ಒಂದು ಹೊಳಿ ದಂಡ್ಯಾಗ ನಿಂತಿದ್ದಾಗ ಸಿಪಾಯಿಗಳನ್ನ ಜಳಕಕ್ಕ ಬಿಟ್ಟರು. ಸೀಟಿ ಊದಿದ ಮ್ಯಾಲೂ ಇಂವ ಮ್ಯಾಲೆ ಬರಲಿಲ್ಲ. ಮುಳುಗೋದು, ಏಳೋದು, ಮತ್ತ ಮುಳುಗೋದು. ಇಬ್ಬರು ಸೇರಿ ಎಳಕೊಂಡು ಬಂದರು. ಅವತ್ತ ಸಂಜಿಯಿಂದ ಅನ್ನ ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ. ಯಾಕ ಅಂದ್ರ ಹೇಳಲಿಲ್ಲ. ಸಾಹೇಬ ಹುಕುಂ ಮಾಡಿದರೂ ಉಣ್ಣಲಿಲ್ಲ. ಮೂರನೇ ದಿನ ಸಿಪಾಯಿಗಳಿಗೆ ಪೂಜಿ ಮಾಡಿಸೋ ಪಲಟಣಿನ ಪಂಡಿತನ್ನ ಕರೆಸಿ ಬುದ್ಧಿ ಹೇಳಿಸಿದರ ಅವನ ಕಡೆ ಬೆನ್ನು ಮಾಡಿ ಕುಂತ. ನಾಕನೇ ದಿನ ದವಾಖಾನ್ಯಾಗ ಮೂಗಿನಾಗ ನಳಿಗಿ ಹಾಕಿ ಗಂಜಿ ಇಳಿಸಾಕ ಹೋದರು. ಕಂಪೌಂಡರನ ಎರಡು ಹಲ್ಲು ಮುರದ. ಜೈಲಿನಾಗ ನಮ್ಮ ದೊಡ್ಡವರು ಉಪವಾಸ ಕುಂತ ಸುದ್ದಿ ಪೇಪರಿನಾಗ ಬರತಿದ್ದ ಕಾಲ ಅದು. ಇಂವಾ ಅದs ಪಾರ್ಟಿಯಾಂವ ಅಂತ ಸಾಹೇಬ ತಿಳದ, ದುರ್ನಡತಿ ಅಂತ ಬರೆದು ಮನಿಗೆ ಕಳಿಸಿದ.

ಅವನ ಅರ್ಜ್ಯಾಗೂ ಅದs ಇತ್ತು. ಕಚೇರಿ ಮುಂದ ಬೇವಿನ ಗಿಡದ ಬುಡಕ ಕುಂತು ಅರ್ಜಿ ಬರಕೊಡೋ ಮುದುಕ ಒಬ್ಬ ಇದ್ದ, ಯಾವ ಸಿಪಾಯಿ ಬಂದರೂ ದೇಶಭಕ್ತಿ ಅನ್ನೋ ಒಂದs ಔಷಧ ಕೊಡತಿದ್ದ. "ಭಾರತಮಾತೆಯ ವಿಮೋಚನೆಗಾಗಿ ಅನ್ನಜಲ ತ್ಯಜಿಸಿದೆನು" ಅಂತ ಬರದಿದ್ದ.

"ಉಪಾಸ ಯಾಕ ಮಾಡಿದೆಪಾ?" ಅಂತ ಸುಭೇದಾರ ಕೇಳಿದ.

"ದೇಶಕ್ಕಾಗಿ ಮಾಡೀನ್ರಿ" ಅಂದ, ಸಾಲಿ ಹುಡುಗರು ಮಗ್ಗಿ ಹೇಳಿದಂಗ. ನೆಲ ನೋಡಿಕೋತ ಹೇಳಿದ.

ಸವದತ್ತಿ ವಕೀಲರು ಖುಷಿಯಾಗಿ "ಶಾಭಾಶ್! ಇಂಥವರು ನಮ್ಮ ತಾಲೂಕಿನಾಗ ಇದ್ದಾರಲ್ಲಾ!" ಅಂದರು. ಮಾಮಲೇದಾರರು ಪೆನ್ನಿನ ಟೊಪ್ಪಿಗಿ ತಗದರು. ಇನ್ನ ಎರಡು ನಿಮಿಷ ನಾ ಬಾಯಿ ಮುಚ್ಚಿಕೊಂಡು ಕುಂತಿದ್ದರ ಅವನ ಕಾಗದ ಸ್ವಚ್ಛ ಆಗತಿತ್ತು, ಅಂವ ಡ್ರೈವರ್ ಆಗತಿದ್ದ. ಯಾರಿಗೇನು ನಷ್ಟ ಇತ್ತು? ಯಾರಿಗೂ ಇಲ್ಲ. ನನಗ ತಡಕೊಳ್ಳಾಕ ಆಗಲಿಲ್ಲ.

"ಒಂದು ಮಾತು ಕೇಳತೇನ್ರಿ" ಅಂತ ಎದ್ದು ನಿಂತೆ. ಅವನ ಕಡೆ ತಿರುಗಿ, "ನಲವತ್ತೆರಡರಾಗ ಚಾದ ಅಂಗಡಿ ಮುಂದ ಒಬ್ಬನ ಟೊಪ್ಪಿಗಿ ಕಿತ್ತು ಬೂಟು ಒರಸಿಕೊಂಡಿ, ನೆನಪೈತೇನು?" ಅಂದೆ.

ಅಂವ ತಲಿ ಎತ್ತಿದ. ನನ್ನ ಮಾರಿ ನೋಡಿದ, ಕಾಲು ನೋಡಿದ, ಮತ್ತ ಮಾರಿ ನೋಡಿದ. "ಓಹೋ, ನೀನೇನು ಅಂವ?" ಅಂದ. 'ನಾ ಅಲ್ರಿ' ಅಂದಿದ್ದರ ನನ್ನ ಕಡೆ ಯಾವ ಸಾಕ್ಷಿ ಇತ್ತು? ಸ್ವಾದರಮಾವ ಬಂದು ಹೇಳತಿದ್ದನೇನು? ಆದರ ಅಂಥಾ ಜಾತಿ ಮನಿಷ್ಯಾ ಅಲ್ಲ ಅಂವ. "ಹೌದು, ಕಿತ್ತೀನಿ. ಏನೀಗ?" ಅಂದ.

"ಅವತ್ತು ದೇಶ ನಿನ್ನ ಬೂಟಿನ ಕೆಳಗಿತ್ತು, ಒಂದು ವರ್ಷ ತುಂಬೋದ್ರಾಗ ಅದಕ್ಕಾಗಿ ನೀರು ಬಿಟ್ಟಿ. ಏನ ಚಮತ್ಕಾರಪಾ!" ಅಂದೆ.

"ದೇಶಕ್ಕ ಉಪಾಸ ಮಾಡಾಕ ನನಗೇನು ಹುಚ್ಚ ಹಿಡದಿತ್ತೇನು? ಅದು ಆ ಬೇವಿನ ಗಿಡದ ಬುಡಕಿನಾಂವ ಬರದಾನ!"

ವಕೀಲರ ಮಾರಿ ಸಪ್ಪಗಾತು. "ಹಂಗಾರ ಯಾಕ ಮಾಡಿದಿ?" ಅಂತ ಮಾಮಲೇದಾರರು ಜಬರಿಸಿದರು.

"ಅದನ್ನ ಹೇಳೋದಿಲ್ರಿ."

"ಹೇಳದಿದ್ದರ ಅರ್ಜಿ ವಜಾ ಆಗತದ, ತಿಳೀತೋ ಇಲ್ಲೋ?"

"ಆಗಲಿ" ಅಂದ.

ನಾ ಅಷ್ಟಕ್ಕ ಬಿಡಲಿಲ್ಲ. ಪಂಡಿತನಿಗೆ ಬೆನ್ನು ತೋರಿಸಿದ ಸಾಲು ಇನ್ನೊಮ್ಮೆ ಓದಿದೆ. ಮೂಲದಾಗ ಬರೇ 'ಬೆನ್ನು ತಿರುಗಿಸಿದ' ಅಂತಿತ್ತು. ನಾನು 'ಧರ್ಮಗುರುವಿಗೂ ಅವಮಾನ ಮಾಡಿದ' ಅಂತ ಕೂಡಿಸಿದೆ. ವಕೀಲರಿಗೆ ಅಷ್ಟs ಸಾಕಾತು. ಅವತ್ತು ನಾ ಬರದ ಶೇರಾ ಇವತ್ತಿಗೂ ಬಾಯಿಪಾಠ ಐತಿ: "ಅರ್ಜಿದಾರನು ಸುಳ್ಳುಗಾರನೂ ಉದ್ಧಟನೂ ಇರುತ್ತಾನೆ. ಶಿಫಾರಸಿಗೆ ಯೋಗ್ಯನಲ್ಲ." ಮೂರು ಸಹಿ ಬಿದ್ದವು. ನಾ ಅವತ್ತು ಎರಡು ರೊಟ್ಟಿ ಹೆಚ್ಚಿಗಿ ಉಂಡೆ.

ಇನ್ನ ಉಳದದ್ದು ಊರಾಗಿನ ಚೌಕಶಿ, ಅಂದ್ರ ತಪಾಸಣಿ. ಅರ್ಜಿದಾರನ ಹಳ್ಳಿಗೆ ಹೋಗಿ ಪಾಟೀಲನ ಕಡೆಯಿಂದ ಅವನ ನಡತಿ ಬರಕೊಂಡು, ಅವನ ಹೇಳಿಕಿಗೆ ಅವನ ಸಹಿ ತರಬೇಕು. ಬರೇ ಹೆಸರಿಗೆ. ಎಂಟು ದಿನ ಬಿಟ್ಟು ಹೋದೆ. ಪಾಟೀಲ ಬರಸಿದ್ದು ನನಗ ಸೇರಲಿಲ್ಲ: ಕುಡಿಯೋದಿಲ್ಲ, ಇಸ್ಪೀಟ್ ಆಡೋದಿಲ್ಲ, ಒಬ್ಬರ ಗೊಡವಿಗೆ ಹೋಗೋದಿಲ್ಲ. "ಬಾಯಿ ಒಂದು ಹರಕ" ಅಂದ. ಅದನ್ನ ದಪ್ಪ ಅಕ್ಷರದಾಗ ಬರಕೊಂಡೆ.

ಅವನ ಮನ್ಯಾಗ ಅಂವ, ಅವನ ತಾಯಿ, ಇಬ್ಬರs. ಕಾಗದ ತೋರಿಸಿ "ಸಹಿ ಮಾಡು" ಅಂದೆ. ಅಂವ ಗೀಚಿ ಕೊಟ್ಟ, ಕುಂದರ್ರಿ ಅಂತ ಅನ್ನಲಿಲ್ಲ. ಒಳಗಿಂದ ಆ ಮುದುಕಿ ಬಂದಳು. ಒಣಗಿದ ಮೈ, ಹಣಿ ತುಂಬ ವಿಭೂತಿ. ಕಾರಕೂನ ಬಂದಾನಂದ್ರ ಮಗನ ಕೆಲಸ ಆದಂಗ ಅಂತ ತಿಳಕೊಂಡಿದ್ದಳು, ಪಾಪ.

"ಯಪ್ಪಾ, ಬಿಸಲಾಗ ಬಂದಿ, ಉಂಡs ಹೋಗಬೇಕು" ಅಂದಳು. ಬ್ಯಾಡ ಬ್ಯಾಡ ಅಂದರೂ ಬಿಡಲಿಲ್ಲ. ನಾನೂ ಅವರಂಗ ಲಿಂಗವಂತ ಅನ್ನೋದು ನನ್ನ ಹಣಿ ಮ್ಯಾಲಿನ ವಿಭೂತಿ ನೋಡಿ ಆಕಿಗೆ ಗೊತ್ತಾಗಿತ್ತು. "ಮಡಿ ನೀರು ಐತಿ, ಇಬ್ಬರೂ ಲಿಂಗಪೂಜಿ ಮಾಡಿಕೊಳ್ರಿ, ರೊಟ್ಟಿ ಬಡೀತೇನಿ" ಅಂತ ಕುಂದರಾಕ ಎರಡು ಮಣಿ ಹಾಕಿದಳು.

ನಾ ಲಿಂಗಪೂಜಿ ಮಾಡಿ ಎಷ್ಟೋ ತಿಂಗಳಾಗಿತ್ತು. ಕೊರಳಾಗ ಇತ್ತು, ಅಷ್ಟs. ಆ ಮುದುಕಿ ಮುಂದ ಮಾನ ಹೋಗಬಾರದು ಅಂತ ಕೊರಳಾಗಿನ ಕರಡಗಿ ಹೆಣಗ್ಯಾಡಿ ಬಿಚ್ಚಿ, ಒಳಗಿನ ಲಿಂಗ ಎಡಗೈಯಾಗ ಇಟ್ಟುಕೊಂಡು ನೀರು ಹನಿಸಿದೆ. ಅಂವ ನನ್ನ ಹೆಣಗ್ಯಾಟ ಒಮ್ಮೆ ನೋಡಿ, ಗ್ವಾಡಿ ಕಡೆ ಮಾರಿ ಮಾಡಿ, ನನಗೂ ಅವ್ವಗೂ ಬೆನ್ನು ಕೊಟ್ಟು ಕುಂತ.

ಮುದುಕಿ ಒಲಿ ಮುಂದಿಂದ ಮಾತಾಡಾಕ ಹತ್ತಿದಳು. "ನನ್ನ ಮಗ ಲಡಾಯಿಗೆ ಹೋಗಿ ಬಂದರೂ ಕೆಡಲಿಲ್ಲ ನೋಡಪಾ. ಹುಟ್ಟಿದ ದಿನ ಮಠದ ಅಯ್ಯನವರು ಬಂದು ಕಟ್ಟಿದ ಲಿಂಗ, ಒಂದು ಗಳಿಗಿ ಅವನ ಮೈ ಬಿಟ್ಟಿಲ್ಲ. ಹೊಳಿ, ಗುಡ್ಡ, ಗುಂಡು, ಮದ್ದು, ಎಲ್ಲಾದರಾಗೂ ಕೊರಳಾಗs ಇಟ್ಟಕೊಂಡು ತಿರುಗಿ ತಂದಾನ. ಆ ಒಂದು ನಂಬಿಗಿ ಮ್ಯಾಲೆ ನಾ ಜೀವ ಹಿಡದೇನಿ. ಹೌದಲ್ಲೋ ಮಗನ?"

"ಹೌದಬೇ" ಅಂದ, ಗ್ವಾಡಿಗೆ.

ಅಯ್ಯ ಶಿವನೇ! ಹೊಳಿ. ಮುಳುಗೋದು, ಏಳೋದು, ಮತ್ತ ಮುಳುಗೋದು. ಅವತ್ತಿನಿಂದ ಅನ್ನ ಇಲ್ಲ, ನೀರಿಲ್ಲ. ಪಂಡಿತ ಬಂದರ ಬೆನ್ನು. ನಮ್ಮ ಮಂದ್ಯಾಗ ಲಿಂಗ ಕಳೀತಂದ್ರ, ಮತ್ತ ಒಬ್ಬ ಅಯ್ಯನವರು ತಮ್ಮ ಕೈಯಿಂದ ಇನ್ನೊಂದು ಕಟ್ಟೋ ತನಕ ಹನಿ ನೀರು ಸೈತ ಗಂಟಲದಾಗ ಇಳಿಸೋ ಹಂಗಿಲ್ಲ. ಆ ಪಲಟಣಿನ ಪಂಡಿತ ಕಟ್ಟೋ ವಸ್ತು ಅಲ್ಲ ಅದು. ನಮ್ಮ ಓಣಿಯ ಯಾವ ಕೂಸಿಗೂ ತಿಳಿಯೋ ಮಾತು. ಆ ಕಾಗದ ನಾ ಮೂರು ಸಲ ಓದಿದ್ದೆ, ಮಂದಿಗೆ ಓದಿ ಹೇಳಿದ್ದೆ. ಟೊಪ್ಪಿಗಿ ಸಿಟ್ಟಿನಾಗ ನನಗ ಏನೂ ಕಾಣಲಿಲ್ಲ.

ಉಂಡು ಎದ್ದು ಭಾವಿ ಕಡೆ ಕೈ ತೊಳಿಯಾಕ ಹೋದಾಗ ಅಂವ ಬೆನ್ನ ಹತ್ತಿ ಬಂದ. ನಾ ಮೆಲ್ಲಕ "ಹೊಳ್ಯಾಗ ಹೋತೇನು?" ಅಂದೆ.

ಅಂವ ನನ್ನ ಅಂಗಿ ಕೊರಳಪಟ್ಟಿ ಹಿಡದು ಭಾವಿ ಕಟ್ಟಿಗೆ ಒತ್ತಿದ. "ಬಾಯಿ ಮುಚ್ಚು. ದಾರ ಹರೀತು. ಕತ್ತಲ ಆಗೋತನಕ ಹುಡುಕೀನಿ. ಈಗೇನು ಅದನ್ನೂ ಕಚೇರ್ಯಾಗ ಓದತೀಯೇನು?"

"ಅವತ್ತು ನಿಮ್ಮ ಸಾಹೇಬಗ ಯಾಕ ಹೇಳಲಿಲ್ಲ? ಮೊನ್ನೆ ಕಮಿಟಿ ಮುಂದ ಯಾಕ ಹೇಳಲಿಲ್ಲ? ಹೇಳಿದ್ದರ ಕಾಗದ ಕೊಡತಿದ್ದರು."

"ಹೇಳಿದ್ದರ ಬರಕೊಳ್ಳತಿದ್ದರು. ಬರದದ್ದು ಊರಿಗೆ ಬರತಿತ್ತು. ಬಂದು ಯಾರ ಕೈಯಾಗ ಬಿತ್ತು ನೋಡು!" ಅಂದು ಇನ್ನಷ್ಟು ಬಿಗಿ ಹಿಡದ. "ಮೂಗಿನಾಗ ಗಂಜಿ ಹೊಯ್ದರು ನನಗ, ಲಿಂಗ ಇಲ್ಲದ ಮೈಗೆ. ದವಾಖಾನ್ಯಾಗ ನಾಕು ಮಂದಿ ಕೈಕಾಲು ಹಿಡಿದು ಹೊಟ್ಟಿಗೆ ಹಾಕಿದರು. ಬಿಟ್ಟ ಮ್ಯಾಲೆ ಹಾದ್ಯಾಗ ಒಂದು ಮಠದಾಗ ಬ್ಯಾರೆ ಕಟ್ಟಿಸಿಕೊಂಡು ಬಂದೀನಿ. ಅವ್ವ ಅವತ್ತಿನಿಂದ ನನ್ನ ಕೂಡ ಉಣ್ಣಾಕ ಹತ್ಯಾಳ. ಗೊತ್ತಾತಂದ್ರ ಆಕಿ ನನ್ನ ಕೈಯಾಗಿನ ನೀರು ಮುಟ್ಟೋದಿಲ್ಲ, ಯಾರ ಕೈಯಾಗಿಂದೂ ಮುಟ್ಟೋದಿಲ್ಲ. ಸಾಯತಾಳ. ಬರದೀ ಅಂದ್ರ ನಿನ್ನ ಕೈ ಮುರೀತೇನಿ."

"ಮೊದಲ ಕೈ ಬಿಡಲೇ" ಅಂದೆ. ಬಿಟ್ಟ.

ಅವನ ಮ್ಯಾಲೆ ನನಗ ಕನಿಕರ ಬಂತು ಅಂತ ತಿಳಕೋಬ್ಯಾಡ್ರಿ. ಹಾದಿ ತುಂಬ ಅವನ್ನ ಬೈಕೋತ ಬಂದೆ. ಇಷ್ಟು ವರ್ಷ ಅವನ ಮ್ಯಾಲೆ ಸಿಟ್ಟು ಮಾಡೋದು ನನ್ನ ಹಕ್ಕು ಇತ್ತು, ಅದನ್ನೂ ಅಂವ ಕಸಗೊಂಡ. ಖರೇ ಬರೀಬೇಕಂದ್ರ ಮುದುಕಿ ಸಾಯತಾಳ. ಉಳದದ್ದು ಆ ಬೇವಿನ ಗಿಡದ ಮುದುಕನ ಸುಳ್ಳು ಒಂದs. ಅಂವ ದೇಶಕ್ಕಾಗಿ ಉಪಾಸ ಮಾಡ್ಯಾನ ಅಂತ ನನ್ನ ಕೈಯಿಂದ, ನನ್ನ ಅಕ್ಷರದಾಗ ಬರೀಬೇಕು! ಯಾವ ದೇಶಕ್ಕಾಗಿ ನಾ ಕಾಲು ಮುರಿಸಿಕೊಂಡೆನೋ ಅದರ ಕೀರ್ತಿ ಈ ಹಲ್ಕಟ್‌ಗೆ ಹಂಚಿ ಕೊಡಬೇಕು. ಎರಡು ದಿನ ಯಾರ ಕೂಡನೂ ನೆಟ್ಟಗ ಮಾತಾಡಲಿಲ್ಲ. ಮೂರನೇ ದಿನ ಮಾಮಲೇದಾರರ ಮುಂದ ಹೋಗಿ ನಿಂತೆ.

"ಸಾಹೇಬ್ರ, ಆ ಲಾರಿ ಡ್ರೈವರನ ಅರ್ಜಿ ಇನ್ನೊಮ್ಮೆ ನೋಡಬೇಕ್ರಿ. ಅಂವ ದೇಶಕ್ಕಾಗಿನs ಉಪಾಸ ಮಾಡ್ಯಾನ್ರಿ. ನನಗ ಈಗ ಖಾತ್ರಿ ಆಗೇತಿ."

ಅವರು ಚಷ್ಮಾ ಇಳಿಸಿ ನೋಡಿದರು. "ಹುಚ್ಚ ಹಿಡದದೇನು ನಿನಗ? ಅದು ಸುಳ್ಳು ಅಂತ ನಮ್ಮ ಮೂರೂ ಮಂದಿ ಮುಂದ ಅವನ ಬಾಯಿಂದs ಹೇಳಿಸಿದಿ. ಶೇರಾ ನಿಂದs ಅದ. ಈಗ ಯಾಕ ತಿರುಗಿದಿ, ಕಾರಣ ಹೇಳು."

"ಕಾರಣ ಹೇಳಾಕ ಬರೋದಿಲ್ರಿ."

ಹನ್ನೊಂದು ದಿನದ ಹಿಂದ ಅದs ಜಾಗಾದಾಗ ಅದs ಉತ್ತರ ಕೊಟ್ಟಾಂವನ ಮ್ಯಾಲೆ ನಾ ಉದ್ಧಟ ಅಂತ ಬರದಿದ್ದೆ. ಮಾಮಲೇದಾರರು ನನಗ ಅಷ್ಟು ದೊಡ್ಡ ಮಾತು ಖರ್ಚು ಮಾಡಲಿಲ್ಲ. "ಆ ಹಳ್ಳ್ಯಾಗ ಏನರೆ ತಿಂದು ಬಂದೀ ಏನು? ಅವರ ಮನ್ಯಾಗ ಉಂಡೀ ಅಂತ ಪಾಟೀಲ ಹೇಳಿದ. ಈ ಸಲ ಬಿಡತೀನಿ, ನಡಿ" ಅಂದರು. ಪೆನ್ನು ತಗದು 'ವಜಾ' ಅಂತ ಗೀಚಿ ಕಾಗದ ನನ್ನ ಕಡೆ ಒಗದರು.

ಹೊರಗ ಬಂದು ಸುಭೇದಾರನ್ನ ಹಿಡದೆ. ನನಗ ತಿಳಿಯೋದಿಲ್ಲ, ಸಾಹೇಬ್ರ ಹೇಳಿದಂಗ ಅಂದ. ವಕೀಲರಿಗೆ ಸವದತ್ತಿಗೆ ಪತ್ರ ಬರದೆ. ಧರ್ಮಗುರುವಿಗೆ ಅವಮಾನ ಮಾಡಿದವನ ಪರ ಮಾತಾಡಬ್ಯಾಡ ಅಂತ ಉತ್ತರ ಬಂತು. ಆ ಅವಮಾನ ಅನ್ನೋ ಮಾತು ನಾ ಕೂಡಿಸಿದ್ದು, ಅಂತ ಬರೆಯೋ ಧೈರ್ಯ ನನಗ ಆಗಲಿಲ್ಲ. ನೌಕರಿ ಹೋಗತಿತ್ತು.

ತಿಂಗಳ ಕಡೀಕ ಅಂವ ಹುಕುಂ ಇಸಕೊಳ್ಳಾಕ ಬಂದ. ಡ್ರೈವರ್‌ಗಳ ಹೆಸರು ಬರಕೊಳ್ಳೋದು ಹಿಂದಿನ ದಿನ ಮುಗದಿತ್ತು. ಸಾವಕಾರ ಮೋಟಾರು ಮಾರಾಕ ಗಿರಾಕಿ ಹುಡುಕಾಕ ಹತ್ತಿದ್ದ. ಕಚೇರ್ಯಾಗ ನಾ ಒಬ್ಬನs ಇದ್ದೆ. ವಜಾ ಹುಕುಂ ಓದಿ ಹೇಳಿದೆ. ಎಲ್ಲಾ ಕೇಳಿದ, ಸಹಿ ಮಾಡಿದ. ನಾನು, "ಬದಲಿ ಮಾಡಸಾಕ ನೋಡಿದೆ, ಆಗಲಿಲ್ಲ" ಅಂದೆ.

"ನಿನ್ನ ಉಪಕಾರ ಯಾರು ಕೇಳ್ಯಾರ?" ಅಂದ.

"ಸೊಕ್ಕಿಗೇನು ಕಡಿಮಿಲ್ಲ ನಿನಗ" ಅಂದೆ.

ಅಂವ ಹೋಗಲಿಲ್ಲ. ಮೇಜಿನ ಮ್ಯಾಲೆ ಎರಡೂ ಕೈ ಊರಿ ನನ್ನ ಕೊರಳು ನೋಡಿದ. "ನೀನೂ ಲಿಂಗ ಕಟ್ಟಿಕೊಂಡಿ. ಅವತ್ತು ನಮ್ಮ ಮನ್ಯಾಗ ನೋಡೀನಿ, ಕರಡಗಿ ಬಿಚ್ಚಾಕ ಬರವಲ್ದಾಗಿತ್ತು ನಿನಗ, ತುಕ್ಕ ಹಿಡದ ಚಿಲಕದಂಗ. ಒಂದು ಖರೇ ಹೇಳು. ನಿಂದು ಹೊಳ್ಯಾಗ ಹೋಗಿದ್ದರ ನೀ ಎಷ್ಟ ದಿನ ಉಪಾಸ ಇರತಿದ್ದಿ?"

ಎದುರಿಗೆ ನಿಂತಾಂವ ಅಂವ. ಸುಳ್ಳು ಹೇಳಿದರ ತಿಳೀತಿತ್ತು.

"ಮರುದಿನ ಮುಂಜಾನೆ ಉಣ್ಣತಿದ್ದೆ" ಅಂದೆ.

ಅಂವ ಹುಕುಂ ಮಡಚಿ ಅಂಗಿ ಕಿಸೇದಾಗ ಇಟ್ಟುಕೊಂಡ.

"ಹಂಗಾರ ಒಳ್ಳೆ ನಡತಿ ಕಾಗದ ನಿನಗ ಸಿಗತಿತ್ತು ನೋಡು" ಅಂದು ಹೋದ.